ಅರವತ್ತೊಂದನೇ ಕತ್ತೆಯ ಎರಡನೇ ಗೆರೆ

ಅವತ್ತು ಸೋಮವಾರ. ನಮ್ಮನೆಯವರು ಎಂದಿನಂತೆ ಅಡುಗೆಮನೆಯ ಕಿಟಕಿ ಒರೆಸಿದರು. ಹಳೇ ಪೇಪರನ್ನು ನೀರಿನಲ್ಲಿ ಅದ್ದಿ ಒಂದು ಸಲ, ಒಣ ಪೇಪರಿನಲ್ಲಿ ಇನ್ನೊಂದು ಸಲ. ಮನೆಯಲ್ಲಿ ಅವರು ಮಾಡುತ್ತಿದ್ದ ಕೆಲಸ ಅದೊಂದೇ. ಉಳಿದ ಕಿಟಕಿಗಳ ಮೇಲೆ ಗೇಣುದ್ದ ಧೂಳು ಕೂತರೂ ಅವರಿಗೆ ಕಾಣುತ್ತಿರಲಿಲ್ಲ. ಈ ಒಂದು ಗಾಜಿನ ಮೇಲೆ ಎಣ್ಣೆಯ ಚುಕ್ಕೆ ಬಿದ್ದರೆ ನನ್ನನ್ನು ಕರೆದು ತೋರಿಸುತ್ತಿದ್ದರು.

"ಏನೇ ಇದು?"

"ಎಣ್ಣೆ ರೀ. ಅಡುಗೆಮನೇಲಿ ಎಣ್ಣೆ ಹಾರದೆ ಮಲ್ಲಿಗೆ ಹೂವು ಉದುರುತ್ತಾ?"

ಒರೆಸಿದ ಮೇಲೆ ಚೀಲದಿಂದ ಫಿಲ್ಮು ತೆಗೆದು ಗಾಜಿಗೆ ಒತ್ತಿ ಹಿಡಿದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೊಡುತ್ತಾರಲ್ಲ, ಆ ಥರದ ಹಾಳೆ. ಅದರ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆಗಳು. ಅವುಗಳನ್ನು ಓದುವುದೇ ಅವರ ಉದ್ಯೋಗ. ಇಲಾಖೆಯಲ್ಲಿ ಫಿಲ್ಮು ನೋಡಲು ದೀಪದ ಪೆಟ್ಟಿಗೆ ಇತ್ತು. ಅದರ ಟ್ಯೂಬು ಮಿಣಮಿಣ ಎನ್ನಲು ಶುರುವಾಗಿ ಆರು ವರ್ಷವಾಗಿತ್ತು. ಅರ್ಜಿ ಕೊಟ್ಟಿದ್ದರು. ಅರ್ಜಿ ಎಲ್ಲೋ ಕೂತಿತ್ತು. ಅದಕ್ಕೇ ನಮ್ಮ ಅಡುಗೆಮನೆಯ ಕಿಟಕಿ.

ಅವತ್ತು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದರು. ಆಮೇಲೆ ಕರೆದರು.

"ಇಲ್ಲಿ ಬಾರೇ."

"ಹಾಲು ಉಕ್ಕುತ್ತೆ ರೀ."

"ಉಕ್ಕಲಿ, ಬಾ."

ಮದುವೆಯಾಗಿ ಮೂವತ್ತೊಂದು ವರ್ಷ. ಹಾಲು ಉಕ್ಕಲಿ ಎಂದವರಲ್ಲ. ಹೋದೆ. ಬೆಂಕಿಕಡ್ಡಿಯ ತುದಿಯಿಂದ ಒಂದು ಜಾಗ ತೋರಿಸಿದರು.

"ಇಲ್ಲಿ ಗೆರೆ ಒಂದಾ, ಎರಡಾ?"

"ಎರಡು."

"ಸರಿಯಾಗಿ ನೋಡು."

"ಸರಿಯಾಗೇ ನೋಡಿದೆ. ಕೆಳಗೆ ಕಪ್ಪಗೆ ಒಂದು. ಮೇಲೆ ಮಂಕಾಗಿ ಒಂದು. ಎರಡು."

"ಮೇಲಿಂದು ನಿಂಗೆ ಕಾಣುತ್ತಾ?"

"ಕಾಣದೆ ಏನು, ನಂಗೇನು ಕಣ್ಣು ಹೋಗಿದ್ಯಾ?"

ಅವರು ಬೆಂಕಿಕಡ್ಡಿ ಕೆಳಗಿಟ್ಟರು. ಹಾಲು ಉಕ್ಕಿತು. ನಾನು ಒಲೆ ಒರೆಸುವಾಗ ಬೆನ್ನ ಹಿಂದೆ, "ನಂಗೆ ಹೋಗಿದೆ ಕಣೇ," ಎಂದರು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎನ್ನುತ್ತಾರಲ್ಲ, ಅದೇ ದನಿ.

ಅವರ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ನಾಲ್ಕನೇ ಕ್ಲಾಸು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಅಷ್ಟು ಸಾಕು.

ಅವರದ್ದು ಪ್ರಾಣಿಗಳ ರಕ್ತ ಪರೀಕ್ಷೆ ಮಾಡುವ ಇಲಾಖೆ. ರೋಗ ನೋಡುವುದಲ್ಲ, ವಂಶ ನೋಡುವುದು. ಎರಡು ವರ್ಷದಿಂದ ಕತ್ತೆಗಳ ಸರದಿ. ನದಿ ದಂಡೆಯ ಗೂಡುಗಳಿಂದ ಇಟ್ಟಿಗೆ ಹೊರುವ ಇನ್ನೂರು ಕತ್ತೆ. ಒಂದೊಂದರ ರಕ್ತಕ್ಕೂ ಫಿಲ್ಮಿನ ಮೇಲೆ ಒಂದೊಂದು ಓಣಿ. ಓಣಿಯಲ್ಲಿ ಗೆರೆ ಮೂಡುವುದು ಎರಡೇ ಜಾಗದಲ್ಲಿ, ಮೇಲೆ ಅಥವಾ ಕೆಳಗೆ. ತಾಯಿಯಿಂದ ಒಂದು ಬರುತ್ತದೆ, ತಂದೆಯಿಂದ ಒಂದು. ಇಬ್ಬರೂ ಬೇರೆ ಬೇರೆ ಕೊಟ್ಟಿದ್ದರೆ ಎರಡು ಗೆರೆ ಕಾಣುತ್ತದೆ. ಇಬ್ಬರೂ ಒಂದೇ ಥರದ್ದು ಕೊಟ್ಟಿದ್ದರೆ ಒಂದರ ಮೇಲೊಂದು ಕೂತು ಒಂದೇ ಗೆರೆ. ಒಂದೋ ಎರಡೋ ನೋಡಿ ನಮ್ಮನೆಯವರು ಪುಸ್ತಕದಲ್ಲಿ ಬರೆಯುತ್ತಿದ್ದರು. ಇಷ್ಟೇ. ಇದಕ್ಕೆ ಸರ್ಕಾರ ಸಂಬಳ ಕೊಡುತ್ತದಾ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಎರಡು ದಿನ ಮಾತು ಬಿಟ್ಟಿದ್ದರು.

ಇಲಾಖೆಯಲ್ಲಿ ಎಲ್ಲರೂ ಅವರನ್ನು ಗೆರೆಯಣ್ಣ ಎನ್ನುತ್ತಿದ್ದರು. ಮನೆಗೆ ಬಂದ ಪತ್ರದ ಮೇಲೂ ಒಮ್ಮೆ ಹಾಗೇ ಬರೆದಿತ್ತು. ಅಂಚೆಯವನು ಸರಿಯಾಗಿ ತಂದುಕೊಟ್ಟ.

ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ, ಕತ್ತೆ ಸಾಕುವ ಮುದುಕ ಇಲಾಖೆಗೆ ಬಂದಿದ್ದ. ಇನ್ನೂರರಲ್ಲಿ ಮೂವತ್ತು ಕತ್ತೆ ಅವನವು. ಅವನ ಅರವತ್ತೊಂದನೇ ನಂಬರಿನ ಹೆಣ್ಣು ಕತ್ತೆ ಮರಿ ಹಾಕಿತ್ತು. ಮರಿಯ ರಕ್ತವನ್ನೂ ನೋಡಿದ್ದರು. ಮರಿಗೆ ಬರೀ ಮೇಲಿನ ಗೆರೆ. ತಾಯಿಗೆ ಬರೀ ಕೆಳಗಿನ ಗೆರೆ ಎಂದು ನಮ್ಮನೆಯವರು ಹಿಂದೆ ಬರೆದಿದ್ದರು. ತಾಯಿಯ ಹತ್ತಿರ ಇಲ್ಲದ ಗೆರೆ ಮರಿಗೆ ತಂದೆಯಿಂದ ಬರಬಹುದು. ಆದರೆ ತಾಯಿಯ ಹತ್ತಿರ ಇರುವುದು ಒಂದಾದರೂ ಮರಿಯಲ್ಲಿ ಇರಲೇಬೇಕು. ಇಲಾಖೆಯ ಗುಮಾಸ್ತ ಪುಸ್ತಕ ನೋಡಿ ಮುದುಕನಿಗೆ ಹೇಳಿದನಂತೆ, "ತಾತ, ಈ ಮರಿ ಈ ಕತ್ತೇದಲ್ಲ."

ಮುದುಕ ಕೂತಲ್ಲೇ ನಕ್ಕನಂತೆ. "ಯಾರದ್ದಪ್ಪಾ ಮತ್ತೆ, ನಂದಾ? ಅಲ್ಲ ಸ್ವಾಮೀ, ನಾನೇ ಮೊಣಕೈವರೆಗೂ ಕೈ ಹಾಕಿ ಎಳ್ದಿದೀನಿ. ಅರ್ಧ ಮರಿ ಹೊರಗೆ, ಅರ್ಧ ಒಳಗೆ, ಅಷ್ಟೊತ್ತಿಗೆ ಬೇರೆ ಕತ್ತೆ ಬಂದು ಮರಿ ಬದ್ಲಾಯಿಸ್ಕೊಂಡು ಹೋಯ್ತಾ?"

ಇಡೀ ಇಲಾಖೆ ನಕ್ಕಿತು. ನಮ್ಮನೆಯವರು ನಗಲಿಲ್ಲ. ಭಾನುವಾರ ಊಟಕ್ಕೆ ಕೂತಾಗ ನನಗೆ ಇದೆಲ್ಲ ಹೇಳಿದರು. ನಾನು ನಕ್ಕೆ. ಅವರು ಆಗಲೂ ನಗಲಿಲ್ಲ. ಸೋಮವಾರ ಕಿಟಕಿಗೆ ಹಿಡಿದಿದ್ದು ಆ ಅರವತ್ತೊಂದನೇ ಕತ್ತೆ ಇದ್ದ ಫಿಲ್ಮು.

"ಮೇಡಂಗೆ ಹೇಳ್ಬೇಕು," ಎಂದರು.

"ಇವತ್ತೇ ಹೇಳಿ."

"ಇವತ್ತು ಅವರು ರಜ. ನಾಳೆ ಹೇಳ್ತೀನಿ."

"ಒಂದು ಕತ್ತೆ ತಾನೇ ರೀ. ತಿದ್ದಿ ಬಿಡಿ."

"ಒಂದು ಕತ್ತೆ ಅಂತ ನಿಂಗ್ಯಾರು ಹೇಳಿದ್ರು?" ಎಂದು ಡಬ್ಬಿ ತೆಗೆದುಕೊಂಡು ಹೊರಟರು.

ಸಂಜೆ ಬಂದರು. ಆಲೂಗಡ್ಡೆ ಪಲ್ಯ ತಿಂದರು. ನನ್ನ ಚಪ್ಪಲಿಯ ಉಂಗುಟ ಕಿತ್ತಿತ್ತು, ಸೂಜಿ ದಾರ ತಂದು ಹೊಲಿಯಲು ಕೂತರು. ದಾರ ಪೋಣಿಸಲು ಆಗಲಿಲ್ಲ. ನಾನು ಪೋಣಿಸಿಕೊಟ್ಟೆ. ಅವರು ಹೊಲಿದರು. ಮಗಳು ಹೊಲಿಗೆ ಅಂಗಡಿಯಿಂದ ಬಂದು, "ಅಪ್ಪಾ, ಹೊಲಿಗೆ ಸೊಟ್ಟ," ಎಂದಳು. "ನಡಿಯೋದು ನಿಮ್ಮಮ್ಮ, ಅವಳೇ ಸೊಟ್ಟ ನಡೀತಾಳೆ," ಎಂದರು. ಅಷ್ಟೇ. ಅದಕ್ಕಿಂತ ದೊಡ್ಡ ಮಾತೇನೂ ಆಡಲಿಲ್ಲ. ಗೊತ್ತಿದ್ದರೆ ಆಡುತ್ತಿದ್ದರೋ ಏನೋ.

ಮಂಗಳವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಇಲಾಖೆಯ ಮೆಟ್ಟಿಲ ಮೇಲೆ ಬಿದ್ದರು. ಮೇಡಂ ಕೋಣೆ ಮೂರನೇ ಮಹಡಿ. ಲಿಫ್ಟು ಕೆಟ್ಟಿತ್ತು. ಎರಡನೇ ಮಹಡಿ ದಾಟಿ ಏಳು ಮೆಟ್ಟಿಲು ಹತ್ತಿದ್ದರು ಎಂದು ಜವಾನ ಹೇಳಿದ. ಹೃದಯ ಎಂದರು ಡಾಕ್ಟರು. ಐವತ್ತೆಂಟು ವರ್ಷ. ಲಿಫ್ಟು ಬುಧವಾರ ಸರಿಯಾಯಿತು.

ಇಲಾಖೆಯವರು ಅವರ ಸಾಮಾನು ಒಂದು ಕೈಚೀಲದಲ್ಲಿ ಹಾಕಿ ಕೊಟ್ಟರು. ಊಟದ ಡಬ್ಬಿ, ಕನ್ನಡಕ, ಬೆಂಕಿಪೊಟ್ಟಣ, ಫಿಲ್ಮು ಇಡುತ್ತಿದ್ದ ಕಂದು ಲಕೋಟೆ. ಅವರು ಬೀಡಿ ಸೇದುವವರಲ್ಲ. ಬೆಂಕಿಪೊಟ್ಟಣ ಗೆರೆ ತೋರಿಸಲಿಕ್ಕೆ. ಊಟದ ಡಬ್ಬಿ ತೊಳೆದೆ.

ಅವರು ಹತ್ತೊಂಬತ್ತನೇ ವಯಸ್ಸಿಗೆ ಸೀಸೆ ತೊಳೆಯಲು ಆ ಇಲಾಖೆಗೆ ಸೇರಿದವರು. ಅವರಪ್ಪ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಮಗನಿಗೆ ಸರ್ಕಾರಿ ಸೀಸೆ ಸಿಕ್ಕಿತು ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದರಂತೆ. ಐದು ವರ್ಷ ಸೀಸೆ ತೊಳೆದರು. ಇವರ ಕೈ ನಡುಗುವುದಿಲ್ಲ ಎಂದು ಆಗಿನ ದೊಡ್ಡ ಸಾರ್ ಕಂಡುಹಿಡಿದರು. ರಕ್ತದಿಂದ ತೆಗೆದ ನೀರನ್ನು ಅಂಟಿನಂಥ ಹಾಳೆಯ ಸಣ್ಣ ಸಣ್ಣ ಗುಣಿಗಳಿಗೆ ಬಿಡಬೇಕಂತೆ, ಒಂದು ಹನಿ ಆಚೀಚೆ ಆಗಬಾರದು. ಅದಕ್ಕೆ ಹಾಕಿದರು. ಆಮೇಲೆ ಓದಲು ಕೂರಿಸಿದರು.

ಓದಲು ಶುರು ಮಾಡಿದ ಮೊದಲ ವರ್ಷ ಒಂದು ತಪ್ಪಾಯಿತು. ಒಂದು ಹಸುವಿನ ಓಣಿಯಲ್ಲಿ ಮಂಕು ನೆರಳು ಕಂಡಿತು, ಎರಡು ಎಂದು ಬರೆದರು. ಅದು ಗೆರೆಯಲ್ಲ, ಕೊಳೆ. ದೊಡ್ಡ ಸಾರ್ ಹದಿನಾಲ್ಕು ಜನರೆದುರು, "ದೆವ್ವಕ್ಕೂ ಹಾಜರಿ ಹಾಕ್ತೀಯೇನಯ್ಯಾ?" ಎಂದರು. ಅವತ್ತೇ ಇವರು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ನೇತುಹಾಕಿದರು: ಅನುಮಾನ ಬಂದರೆ ಒಂದು. ಆಮೇಲೆ ಸೇರಿದವರೆಲ್ಲ ಅದನ್ನು ನೋಡಿಯೇ ಕೆಲಸ ಕಲಿತರು. ದೊಡ್ಡ ಸಾರ್ ನಿವೃತ್ತಿಯಾದರು, ತೀರಿಕೊಂಡರು, ರಟ್ಟು ಇತ್ತು.

ಮನೆಯಲ್ಲೂ ಹಾಗೇ. ಅನುಮಾನ ಬಂದರೆ ಇಲ್ಲ ಎನ್ನುವ ಮನುಷ್ಯ. ಹೊರಗೆ ಮಳೆ ಹನಿ ಬಿದ್ದಂತಾಯಿತು ಎಂದರೆ, ಇಲ್ಲ. ಯಾರೋ ಬಾಗಿಲು ತಟ್ಟಿದರು ಎಂದರೆ, ಇಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಮೂರನೇ ತಿಂಗಳು ಹೇಳಿದೆ. "ಇರಲಿಕ್ಕಿಲ್ಲ," ಎಂದರು. ಐದನೇ ತಿಂಗಳು ಒಪ್ಪಿಕೊಂಡರು.

ಅವರು ಹೋದ ಹದಿನಾರನೇ ದಿನ ಮೇಡಂ ಬಂದರು. ಜೊತೆಗೆ ಲೆಕ್ಕದ ಮೇಷ್ಟ್ರು. ಈ ಮೇಷ್ಟ್ರು ಇಲಾಖೆಯಲ್ಲಿ ಲೆಕ್ಕ ಹಾಕುವವರು, ಯಾರಿಗೂ ಪಾಠ ಹೇಳುವುದಿಲ್ಲ. ಮಾತು ಮಾತಿಗೆ ಬೆರಳು ಮಡಿಸುತ್ತಾರೆ, ಅದಕ್ಕೆ ಆ ಹೆಸರು. ನಮ್ಮ ಮುಂದಿನ ಕೋಣೆಯಲ್ಲಿ ಎರಡೇ ಕುರ್ಚಿ. ಅವರಿಬ್ಬರೂ ಕೂತರು, ನಾನು ಮಗಳ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತೆ. ಮಗಳು ಚಹಾ ತಂದಳು.

ಮೇಡಂ ಸ್ವಲ್ಪ ಹೊತ್ತು ಅತ್ತರು. ನಾನು ಕಾದೆ. ಕಣ್ಣೊರೆಸಿಕೊಂಡು ಹೇಳಿದರು, "ಫಿಲ್ಮು ಓದೋ ಕೋಣೆಗೆ ನಿಮ್ಮ ಯಜಮಾನರ ಹೆಸರಿಡಬೇಕು ಅಂತ ತೀರ್ಮಾನ ಮಾಡಿದೀವಿ. ಬೋರ್ಡು ಮಾಡಿಸೋಕೆ ಕೊಟ್ಟಿದೀವಿ. ಕತ್ತೆಗಳ ವರದೀನೂ ಅವರಿಗೇ ಅರ್ಪಣೆ. ಅವರು ಓದಿದ ಕೊನೇ ಕೆಲಸ ಅದು."

"ಕತ್ತೆಗಳಿಗೆ ಏನಾಗಿದೆಯಂತೆ?" ಎಂದೆ.

ಮೇಡಂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಬೆರಳು ಮಡಿಸಲು ಶುರು ಮಾಡಿದರು. ಒಂದು ಬೆರಳಿಗೇ ಸೋತರು. ಸುತ್ತಮುತ್ತ ನೋಡಿ ಮಗಳ ಗುಂಡಿ ಡಬ್ಬ ಎಳೆದುಕೊಂಡರು.

"ನೋಡಿ ಅಕ್ಕಾ. ಕರೀ ಗುಂಡಿ ಅಂದ್ರೆ ಕೆಳಗಿನ ಗೆರೆ. ಬಿಳೀ ಗುಂಡಿ ಅಂದ್ರೆ ಮೇಲಿನ ಗೆರೆ. ಒಂದು ಕತ್ತೆಗೆ ಎರಡು ಗುಂಡಿ. ಇನ್ನೂರು ಕತ್ತೆಗೆ ನಾನೂರು. ಎಲ್ಲಾನೂ ಒಂದು ಡಬ್ಬಕ್ಕೆ ಹಾಕಿ ಕಲಸಿ. ಕಣ್ಣು ಮುಚ್ಚಿ ಎರಡೆರಡು ತೆಗೀರಿ. ಕತ್ತೆಗಳು ತಮ್ಮಿಷ್ಟಕ್ಕೆ, ದೂರ ಹತ್ತಿರ ನೋಡದೆ ಕೂಡ್ತಾ ಇದ್ರೆ ಹೀಗೇನೇ ಆಗೋದು. ಎಷ್ಟು ಜೋಡಿ ಕರಿಬಿಳಿ ಬರುತ್ತೆ ಅಂತ ಮೊದಲೇ ಹೇಳಬಹುದು. ನಮ್ಮ ಕತ್ತೆಗಳಲ್ಲಿ ತೊಂಬತ್ತೆಂಟು ಬರಬೇಕಿತ್ತು. ಒಂದೆರಡು, ಹೋಗಲಿ ಐದಾರು, ಹೆಚ್ಚು ಕಮ್ಮಿ ಆದ್ರೆ ತಪ್ಪಿಲ್ಲ."

"ಎಷ್ಟು ಬಂತು?"

"ಎಪ್ಪತ್ತು."

"ಹಾಗಂದ್ರೆ?"

"ಹಾಗಂದ್ರೆ ಒಳಗೊಳಗೇ ಸಂಬಂಧ. ಅಪ್ಪ ಮಗಳು, ಅಣ್ಣ ತಂಗಿ ಎಲ್ಲಾ ಕೂಡಿ ಕೂಡಿ, ಒಂದೇ ಥರದ ಗುಂಡಿ ಒಂದೇ ಕಡೆ ಸೇರಿಬಿಟ್ಟಿದೆ. ವಂಶ ಕೆಡ್ತಾ ಇದೆ. ಅದಕ್ಕೇ ಗಂಡು ಕತ್ತೆಗಳಿಗೆಲ್ಲ ಬೀಜ ಒಡೆಸಿ, ಹೊರಗಿನಿಂದ ಗಂಡು ತರಿಸಿ ಅಂತ ಬರೀತಾ ಇದೀವಿ. ಹದಿನೈದನೇ ತಾರೀಕು ವರದಿ ಹೋಗುತ್ತೆ."

ನನಗೆ ಮುದುಕನ ನೆನಪಾಯಿತು. ಕತ್ತೆ ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ. ಮುತ್ತಜ್ಜನ ಕಾಲದಿಂದ ಸಾಕಿದ ತಳಿ ಎಂದು ಹೇಳಿಕೊಳ್ಳುತ್ತಿದ್ದನಂತೆ.

"ಮೇಷ್ಟ್ರೇ, ಎರಡು ಇರೋದನ್ನ ಒಂದು ಅಂತ ಬರೆದಿದ್ರೆ?"

"ಆಗಲೂ ಹೀಗೇ ಬರುತ್ತೆ," ಎಂದರು ಅವರು. ಗುಂಡಿಗಳನ್ನು ಡಬ್ಬಕ್ಕೆ ತುಂಬುತ್ತಾ, ಹವಾಮಾನ ಹೇಳುವವರ ಹಾಗೆ. "ಕತ್ತೆ ತಪ್ಪು ಮಾಡಿದ್ರೂ ಎಪ್ಪತ್ತು, ಓದೋರು ತಪ್ಪು ಮಾಡಿದ್ರೂ ಎಪ್ಪತ್ತು. ಲೆಕ್ಕಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಲೆಕ್ಕ ಹೇಳೋದು ಸಮತೋಲ ತಪ್ಪಿದೆ ಅಂತ ಅಷ್ಟೇ, ತಪ್ಪಿಸಿದ್ದು ಯಾರು ಅಂತ ಹೇಳಲ್ಲ. ಆದ್ರೆ ಇದು ಗೆರೆಯಣ್ಣ ಓದಿದ್ದು. ಆ ಚಿಂತೆ ಇಲ್ಲ."

ಮೇಡಂ ತಲೆಯಾಡಿಸಿದರು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.

ಅವರಿಬ್ಬರೂ ಹೊರಟ ಮೇಲೆ ಮಗಳು ಅಡುಗೆಮನೆಗೆ ಬಂದಳು.

"ಅಮ್ಮಾ, ಯಾಕೆ ಹಾಗೆ ಕೇಳ್ದೆ?"

ಸೋಮವಾರದ್ದು ಹೇಳಿದೆ. ಅವಳು ಗೋಡೆಗೆ ಒರಗಿದಳು.

"ಒಂದು ಕತ್ತೆ ತಾನೇ?"

"ನಾನೂ ಹಾಗೇ ಕೇಳ್ದೆ. ಹಾಗಂತ ಯಾರು ಹೇಳಿದ್ರು ಅಂದ್ರು ನಿಮ್ಮಪ್ಪ."

"ಅಮ್ಮಾ, ಬೇಡ. ಮೂವತ್ತೊಂಬತ್ತು ವರ್ಷ ಸವೆದಿದಾರೆ ಅಪ್ಪ ಅಲ್ಲಿ. ಈಗ ಒಂದು ಬೋರ್ಡು ಬರ್ತಾ ಇದೆ. ನೀನು ಹೋಗಿ, ನನ್ನ ಗಂಡ ಕುರುಡ ಆಗಿದ್ದ ಅಂತ ಹೇಳ್ತೀಯಾ? ಸತ್ತೋರ ಮೇಲೆ ಗೂಬೆ ಕೂರಿಸ್ತೀಯಾ?"

"ಮುದುಕನ ಕತ್ತೆಗಳು?"

"ಕತ್ತೆ ಬಾಲ! ನಮ್ಮಪ್ಪ ಹೆಚ್ಚಾ, ಕತ್ತೆ ಹೆಚ್ಚಾ?"

ಅಪ್ಪನೇ ಹೆಚ್ಚು. ಅಪ್ಪ ಹೋಗಿಯಾಗಿತ್ತು.

ಮಾರನೇ ದಿನ ಮಗಳು ಕೆಲಸಕ್ಕೆ ಹೋದ ಮೇಲೆ ಕಂದು ಲಕೋಟೆ ಬಿಚ್ಚಿದೆ. ಅಲ್ಲಿಯವರೆಗೆ ಬಿಚ್ಚಿರಲಿಲ್ಲ, ಇಲಾಖೆಯವರೂ ಬಿಚ್ಚಿ ನೋಡಿದಂತಿರಲಿಲ್ಲ. ಹತ್ತು ಫಿಲ್ಮು, ಒಂದೊಂದರಲ್ಲಿ ಇಪ್ಪತ್ತು ಕತ್ತೆ. ಕೊನೆಯಲ್ಲಿ ಒಂದು ಕಾಗದ. ಅವರ ಕೈಬರಹ.

"ಮೇಡಂ ಅವರಿಗೆ. ಕತ್ತೆ ನಂಬರು ಅರವತ್ತೊಂದು. ಒಂದು ಎಂದು ಬರೆದಿದ್ದೆ. ಎರಡು. ಮೇಲಿನ ಗೆರೆ ಮಂಕು, ನನಗೆ ಕಾಣಲಿಲ್ಲ. ನನ್ನ ಹೆಂಡತಿಗೆ ಕಂಡಿತು. ಉಳಿದವನ್ನೂ"

ಉಳಿದವನ್ನೂ ಎಂದು ಬರೆದು ಬಿಟ್ಟಿದ್ದರು. ಕೆಳಗೆ ಸಹಿ ಇಲ್ಲ. ಬಹುಶಃ ಊಟಕ್ಕೆ ಕರೆದಿರಬೇಕು ನಾನು.

ನಾನು ಕಿಟಕಿ ಒರೆಸಿದೆ. ಅವರು ಹೋದಾಗಿನಿಂದ ಆ ಗಾಜಿಗೆ ಯಾರೂ ಕೈ ಹಚ್ಚಿರಲಿಲ್ಲ. ಪೇಪರು ಕಪ್ಪಗೆ ಬಂತು. ಫಿಲ್ಮು ಒತ್ತಿ ಹಿಡಿದು ಒಂದನೇ ಕತ್ತೆಯಿಂದ ಶುರು ಮಾಡಿದೆ. ಮಗಳ ಹಳೇ ನೋಟುಬುಕ್ಕಿನಲ್ಲಿ ಒಂದು ಗೆರೆ ಇದ್ದರೆ ಅದರ ಜಾಗ ನೋಡಿ ಮೇಲೆ ಅಥವಾ ಕೆಳಗೆ ಒಂದು ಚುಕ್ಕೆ, ಎರಡಿದ್ದರೆ ಎರಡು ಚುಕ್ಕೆ. ಬೆಳಕು ಚೆನ್ನಾಗಿರುವುದು ಎಂಟರಿಂದ ಹತ್ತೂವರೆ. ಆಮೇಲೆ ಎದುರು ಮನೆಯ ನೆರಳು ಬರುತ್ತದೆ. ದಿನಕ್ಕೆ ಎರಡು ಫಿಲ್ಮು. ಐದು ದಿನ ಹಿಡಿಯಿತು. ಕೆಲವು ಓಣಿಗಳಲ್ಲಿ ಮೇಲಿನ ಗೆರೆ ಬಟ್ಟೆಯ ಮೇಲೆ ಒಗೆದು ಒಗೆದು ಮಾಸಿದ ಕಲೆಯ ಹಾಗೆ ಇತ್ತು. ಕಲೆ ಹುಡುಕುವುದು ನನಗೆ ಕಷ್ಟವಲ್ಲ.

ಅನುಮಾನ ಬಂದಲ್ಲಿ ಅವರ ರಟ್ಟು ನೆನಪಾಗುತ್ತಿತ್ತು. ಒಂದು ಎಂದು ಹಾಕಿಬಿಡೋಣ ಎನಿಸುತ್ತಿತ್ತು. ಅಂಥ ಕಡೆ ಫಿಲ್ಮು ಇಳಿಸಿ, ಪಾತ್ರೆ ತೊಳೆದು, ಬಂದು ಮತ್ತೆ ನೋಡಿದೆ.

ಎರಡು ಚುಕ್ಕೆಯವು ತೊಂಬತ್ತೊಂಬತ್ತು ಬಂದವು.

ಸಂಜೆ ಮಗಳಿಗೆ ತೋರಿಸಿದೆ. ಅವಳು ಎಣಿಸಿದಳು. ಆಮೇಲೆ ಗುಂಡಿ ಡಬ್ಬ ತಂದು ನೆಲದ ಮೇಲೆ ಸುರಿದಳು. ಮೇಲಿನವೂ ಕೆಳಗಿನವೂ ಹೆಚ್ಚುಕಡಿಮೆ ಸಮ ಇವೆ ಎಂದು ಕರಿದು ಇನ್ನೂರು, ಬಿಳಿದು ಇನ್ನೂರು ಎಣಿಸಿ ಅಕ್ಕಿ ಡಬ್ಬಕ್ಕೆ ಹಾಕಿ ಕುಲುಕಿದಳು. ಇಬ್ಬರೂ ಕಣ್ಣು ಮುಚ್ಚಿ ಎರಡೆರಡು ತೆಗೆದೆವು. ಕರಿಬಿಳಿ ಜೋಡಿ ತೊಂಬತ್ತೈದು. ಇನ್ನೊಂದು ಸಲ ಮಾಡಿದೆವು. ನೂರಾ ಒಂದು. ಎಪ್ಪತ್ತು ಬರಲಿಲ್ಲ.

"ಅಪ್ಪನ ಕಾಗದ ಎಲ್ಲಿ?" ಎಂದಳು. ಓದಿದಳು. "ಉಳಿದವನ್ನೂ ಅಂತ ಬರೆದು ಬಿಟ್ಟಿದಾರೆ."

"ಹೂಂ."

"ನಾಳೆ ನಾನೂ ಬರ್ತೀನಿ. ಒಬ್ಳೇ ಹೋಗ್ಬೇಡ."

"ಅಂಗಡಿ?"

"ಒಂದು ದಿನ ಊರಿನೋರು ಗುಂಡಿ ಬಿಚ್ಕೊಂಡೇ ಓಡಾಡ್ಲಿ."

ಲಿಫ್ಟು ಇತ್ತು. ನಾನು ಮೆಟ್ಟಿಲು ಹತ್ತಿದೆ. ಎರಡನೇ ಮಹಡಿ ದಾಟಿ ಏಳು ಎಣಿಸಿದೆ. ಮೆಟ್ಟಿಲು ಉಳಿದವುಗಳ ಹಾಗೇ ಇತ್ತು. ಅಲ್ಲಿಂದ ಮೇಡಂ ಕೋಣೆಗೆ ಇನ್ನು ಹದಿಮೂರು.

ಮೇಡಂ ಕಾಗದ ಓದಿದರು, ನೋಟುಬುಕ್ಕು ನೋಡಿದರು, ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ನನ್ನ ಚುಕ್ಕೆಗಳನ್ನು ಎಣಿಸಿ ಬೆರಳು ಮಡಿಸಿದರು.

"ಈಗ ಬಿಳೀ ಗುಂಡಿ ಹೆಚ್ಚಾಗಿದೆ, ಹಾಗಾಗಿ ತೊಂಬತ್ತೆಂಟಲ್ಲ, ನೂರು ಬರಬೇಕು. ತೊಂಬತ್ತೊಂಬತ್ತು ಬಂದಿದೆ," ಎಂದರು. ನಂತರ ನನ್ನನ್ನು ನೋಡಿದರು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಎಷ್ಟು ಬರಬೇಕು ಅಂತ ನಿಮಗೆ ನಾನೇ ಹೇಳಿದ್ದೆ. ಅಷ್ಟಕ್ಕೆ ಸರಿಯಾಗಿ ನೀವು ಕಂಡುಕೊಂಡಿರಬಹುದಲ್ಲ?"

ಮಗಳು ಎದ್ದು ನಿಂತಳು. "ನಮ್ಮಮ್ಮ ಸುಳ್ಳು ಹೇಳ್ತಾಳೆ ಅಂತೀರಾ?"

"ಸುಳ್ಳಲ್ಲಮ್ಮಾ. ಬೇಕಾದ್ದು ಕಣ್ಣಿಗೆ ಕಾಣುತ್ತೆ. ನಂಗೂ ಕಾಣುತ್ತೆ."

"ಮತ್ತೆ ಅಪ್ಪನಿಗೆ ಯಾಕೆ ಕಾಣಲಿಲ್ಲ?"

"ಕೂತ್ಕೊಳೇ," ಎಂದೆ. ಮೇಷ್ಟ್ರು ಹೇಳಿದ್ದು ಸರಿ ಇತ್ತು. "ಪರೀಕ್ಷೆ ಮಾಡಿ."

ಮೇಷ್ಟ್ರು ನಂಬರುಗಳ ಮೇಲೆಲ್ಲ ಕಪ್ಪು ಟೇಪು ಅಂಟಿಸಿದರು. ಫಿಲ್ಮುಗಳನ್ನು ಹಿಂದುಮುಂದು ಮಾಡಿದರು. ಅವರ ಕಿಟಕಿಯ ಗಾಜು ನೋಡಲು ಆಗುವಂತಿರಲಿಲ್ಲ. ಜವಾನನ ಹತ್ತಿರ ಪೇಪರು ಕೇಳಿ ಒರೆಸಿಕೊಂಡೆ. ಬೆಳಿಗ್ಗೆ ಎರಡು ಫಿಲ್ಮು, ನಾಲ್ಕು ದಿನ ಬಿಟ್ಟು ಇನ್ನೆರಡು. ನಾನು ಹೇಳುತ್ತಾ ಹೋದೆ, ಅವರು ಬರೆದುಕೊಂಡರು. ಟೇಪು ಕಿತ್ತು ಹೋಲಿಸಿದರು. ಎಂಬತ್ತರಲ್ಲಿ ಎಪ್ಪತ್ತೊಂಬತ್ತು ಮೊದಲು ಹೇಳಿದ್ದೇ ಹೇಳಿದ್ದೆ.

"ನೀವು ಎಷ್ಟು ಓದಿದೀರಿ ಅಕ್ಕಾ?" ಎಂದರು ಮೇಷ್ಟ್ರು.

"ನಾಲ್ಕನೇ ಕ್ಲಾಸು. ಎರಡರವರೆಗೆ ಎಣಿಸೋಕೆ ಬರುತ್ತೆ."

ಮೇಡಂ ಒಬ್ಬರೇ ಇದ್ದಾಗ ನನ್ನನ್ನು ಕೂರಿಸಿಕೊಂಡರು. "ಅವರ ಓದೂ ನಿಮ್ಮ ಓದೂ ಬೇರೆ ಬೇರೆ ಆಗಿರೋ ಇಪ್ಪತ್ತೊಂಬತ್ತು ಕತ್ತೆಗಳ ರಕ್ತ ಇನ್ನೂ ಫ್ರಿಜ್ಜಲ್ಲಿದೆ. ಇನ್ನೂ ಬಿಗಿಯಾದ ವಿಧಾನದಲ್ಲಿ ಮತ್ತೆ ಮಾಡಿಸ್ತೀನಿ. ಆದರೆ ಒಂದು ಮಾತು. ನೀವು ಹೇಳಿದ್ದು ನಿಜ ಆದ್ರೆ, ವರದೀಲಿ ಬರೀಬೇಕಾಗುತ್ತೆ, ಓದಿದ್ದು ತಪ್ಪು ಅಂತ. ಬೋರ್ಡಿನ ವಿಷಯಾನೂ... ಮೇಲಿನೋರು ಒಪ್ಪಲ್ಲ. ನಿಮಗೆ ತಿಳಿದಿರಲಿ ಅಂತ ಹೇಳ್ದೆ. ಇವತ್ತು ಬೇಡ ಅಂದ್ರೆ ಬೇಡ. ಕಾಗದ ನಿಮ್ಮ ಹತ್ರಾನೇ ಇದೆ."

ಒಳ್ಳೆ ಹೆಂಗಸು. ಅವರು ಆ ಬಾಗಿಲು ತೆರೆದಿದ್ದು ನನ್ನ ಮೇಲಿನ ಪ್ರೀತಿಗೇ.

"ಅವರು ಇದನ್ನ ಹೇಳೋಕೆ ಹತ್ತಿ ಬರ್ತಾ ಇದ್ರು," ಎಂದೆ. "ಕಾಗದ ಇಟ್ಕೊಳ್ಳಿ."

ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತೆಂಟಕ್ಕೆ ಎರಡು ಗೆರೆ. ಒಂದು ಕತ್ತೆಗೆ ಒಂದೇ. ಅಲ್ಲಿ ನಾನು ಕಂಡಿದ್ದು ಕೊಳೆ. ದೆವ್ವಕ್ಕೆ ಹಾಜರಿ ಹಾಕಿದ್ದೆ. ದೊಡ್ಡ ಸಾರ್ ಇದ್ದಿದ್ದರೆ ಬೈಸಿಕೊಳ್ಳುತ್ತಿದ್ದೆ.

ಗೆರೆ ಮೂಡಿಸಲು ರಕ್ತದಲ್ಲಿರುವ ವಂಶದ ತುಂಡನ್ನು ಯಂತ್ರದಲ್ಲಿ ಬೆಳೆಸುತ್ತಾರಂತೆ, ಮೇಲಿನ ಗೆರೆ ಉದ್ದನೆಯ ತುಂಡಿನದಂತೆ. ಉದ್ದದ್ದು ಸರಿಯಾಗಿ ಬೆಳೆಯುವುದಿಲ್ಲ, ಮಂಕಾಗಿಯೇ ಮೂಡುವುದು. ಕೆಳಗಿನದರ ಪಕ್ಕದಲ್ಲಿ ಇನ್ನೂ ಮಂಕು. ಕಣ್ಣಿನ ತಪ್ಪು ಅರ್ಧ, ರಟ್ಟಿನ ತಪ್ಪು ಅರ್ಧ ಎಂದರು ಮೇಷ್ಟ್ರು. ಅನುಮಾನ ಬಂದರೆ ಒಂದು ಎಂದು ಬರೆದರೆ ತಪ್ಪೆಲ್ಲ ಒಂದೇ ಕಡೆಗೆ ವಾಲುತ್ತದೆ. ಅತ್ತ ಇತ್ತ ಎರಡೂ ಕಡೆ ತಪ್ಪಿದ್ದರೆ ಲೆಕ್ಕ ಅಷ್ಟೊಂದು ಕೆಡುತ್ತಿರಲಿಲ್ಲ. ಒಂದೇ ಕಡೆ ವಾಲಿತು, ಕತ್ತೆಗಳ ಮೇಲೆ ಬಿತ್ತು.

ಬೀಜ ಒಡೆಸುವುದು ನಿಂತಿತು. ಗಂಡು ಕತ್ತೆಗಳಿಗೆ ಯಾರೂ ಹೇಳಲಿಲ್ಲ. ಮುದುಕನಿಗೆ ಗುಮಾಸ್ತ ಹೇಳಿದ. ಮುದುಕ ಒಂದು ದಿನ ನಮ್ಮ ಮನೆ ಹುಡುಕಿಕೊಂಡು ಬಂದ. ಕತ್ತೆ ಹೊರಗೆ ಕಟ್ಟಿದ, ಬಾಗಿಲಲ್ಲೇ ನಿಂತ.

"ತಾಯೀ, ಆ ಮರಿ ಅರವತ್ತೊಂದರದ್ದೇ ಅಂತೆ," ಎಂದ.

"ಹೂಂ ತಾತ, ಗೊತ್ತು."

"ನಂಗೂ ಗೊತ್ತಿತ್ತು," ಎಂದ. "ಸ್ವಾಮಿ ಒಬ್ರೇ ಅವತ್ತು ನಗಲಿಲ್ಲ ನೋಡಿ. ನನ್ನ ಮುಖಾನೇ ನೋಡ್ತಾ ಇದ್ರು. ಮನೇಗೆ ಹೋಗಿ ನಮ್ಮವಳಿಗೆ ಹೇಳ್ದೆ, ಆ ಕನ್ನಡಕದ ಮನುಷ್ಯ ನನ್ನ ಮಾತು ನಂಬಿದಾನೆ ಕಣೇ ಅಂತ." ಆಮೇಲೆ ಕತ್ತೆ ಬಿಚ್ಚಿಕೊಂಡು ಹೋದ. ಕತ್ತೆ ಬಾಗಿಲ ಮುಂದೆ ಲದ್ದಿ ಹಾಕಿತ್ತು. ಗುಡಿಸಿದೆ.

ವರದಿ ಎರಡು ತಿಂಗಳು ತಡವಾಗಿ ಬಂತು. ಅರ್ಪಣೆ ಇಲ್ಲ. ಒಳಗೆ ಎಲ್ಲೋ ಒಂದು ಕಡೆ ಬರೆದಿದೆ ಎಂದು ಮೇಡಂ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿದ್ದರು. ಮಗಳು ಓದಿದಳು.

"ಮೊದಲ ಓದಿನಲ್ಲಿ, ಎರಡು ಗೆರೆಗಳಿದ್ದ ಇಪ್ಪತ್ತೆಂಟು ಪ್ರಾಣಿಗಳಿಗೆ ಒಂದೇ ಗೆರೆ ಎಂದು ತಪ್ಪಾಗಿ ದಾಖಲಾಗಿತ್ತು. ಇದರಿಂದ ಸಮತೋಲ ತಪ್ಪಿದಂತೆ ಕಂಡಿತ್ತು. ತಪ್ಪನ್ನು ಮೊದಲು ಗುರುತಿಸಿದವರು ಓದಿದವರೇ."

"ಇನ್ನೊಂದ್ಸಲ ಓದು," ಎಂದೆ.

"ಪೂರ್ತೀನಾ?"

"ಕೊನೇದು."

"ತಪ್ಪನ್ನು ಮೊದಲು ಗುರುತಿಸಿದವರು ಓದಿದವರೇ."

ಮಗಳು ಮುಖ ತಿರುಗಿಸಿಕೊಂಡು ಮಿಷನ್ನಿಗೆ ದಾರ ಹಾಕಲು ಕೂತಳು. ಮಿಷನ್ನಿನಲ್ಲಿ ದಾರ ಇತ್ತು.

ಬೋರ್ಡು ಆಗಲೇ ಮಾಡಿಸಿಯಾಗಿತ್ತು. ಇಲಾಖೆಯವರು ಅದನ್ನು ಏನು ಮಾಡುವುದೆಂದು ತಿಳಿಯದೆ ನಮ್ಮನೆಗೆ ಕಳಿಸಿದರು. ಒಳ್ಳೆ ಮರ. ಹಿಟ್ಟಿನ ಡಬ್ಬದ ಮುಚ್ಚಳ ಕಳೆದುಹೋಗಿ ವರ್ಷವಾಗಿತ್ತು, ಅದರ ಮೇಲೆ ಇಟ್ಟಿದ್ದೇನೆ. ಹೆಸರಿರುವ ಮುಖ ಮೇಲಕ್ಕೆ. ಓದುವ ಕೋಣೆಯ ಗೋಡೆಯ ಮೇಲಿದ್ದ ರಟ್ಟನ್ನು ತೆಗೆದರಂತೆ. ಈಗ ಒಂದೊಂದು ಫಿಲ್ಮನ್ನೂ ಇಬ್ಬರು ಓದುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದ ಹಾಗೆ. ದೀಪದ ಪೆಟ್ಟಿಗೆಗೆ ಹೊಸ ಟ್ಯೂಬೂ ಬಂದಿದೆ. ಅವರಿದ್ದಾಗ ಬಂದಿದ್ದರೆ ನನಗೆ ಆ ಗೆರೆ ತೋರಿಸುತ್ತಲೇ ಇರಲಿಲ್ಲ.

ಬೆಳಿಗ್ಗೆ ಏಳೂವರೆಗೆ ಹಾಲು ಒಲೆಯ ಮೇಲಿಟ್ಟು ಕಿಟಕಿ ಒರೆಸುತ್ತೇನೆ. ಒದ್ದೆ ಪೇಪರು ಒಂದು ಸಲ, ಒಣ ಪೇಪರು ಒಂದು ಸಲ. ಹಿಡಿದು ನೋಡಲು ಫಿಲ್ಮು ಇಲ್ಲ. ಎದುರು ಮನೆಯ ನೀರಿನ ಟ್ಯಾಂಕು ಕಾಣುತ್ತದೆ, ಅದರ ಪಕ್ಕ ಬಟ್ಟೆ ಒಣಹಾಕುವ ಹಗ್ಗ. ಹಗ್ಗ ಎರಡಿವೆ. ಮೇಲಿನದು ಸಪೂರ. ಅದು ಕಾಣುವವರೆಗೆ ಒರೆಸುತ್ತೇನೆ, ಆಮೇಲೆ ಹಾಲು ಇಳಿಸುತ್ತೇನೆ.